‘ಅಕ್ಕಾ, ಅವ್ರು ಬರ್ಕೊಂಡಿಲ್ವಾ?’

ಮಾನಸಗಂಗೋತ್ರಿಯಲ್ಲಿ ಎಂಎಸ್‌ಡಬ್ಲ್ಯು ಓದುವಾಗ ಫೀಲ್ಡ್‌ವರ್ಕ್‌ಗೆಂದು ನನ್ನನ್ನು ಮೈಸೂರಿನ ಒಂದು ಮಕ್ಕಳ ಪಾಲನಾ ಸಂಸ್ಥೆಗೆ ಹಾಕಿದ್ದರು. ಮೊದಲ ವಾರವೇ ಒಂಬತ್ತು ವರ್ಷದ ಹುಡುಗನೊಬ್ಬ ಬಂದ. ರೈಲ್ವೆ ಸ್ಟೇಷನ್ನಿನಲ್ಲಿ ಒಬ್ಬನೇ ಕೂತಿದ್ದನಂತೆ. (ಗುರುತು ಸಿಗಬಾರದೆಂದು ಕೆಲವು ವಿವರ ಬದಲಿಸಿದ್ದೇನೆ.)

ಹೊಸ ಡೈರಿ ತೆರೆದು, ಕ್ಲಾಸಿನಲ್ಲಿ ಕಲಿಸಿದಂತೆ ಮೆಲ್ಲಗೆ ಕೇಳಿದೆ: ‘ಹೆಸರೇನು ಪುಟ್ಟಾ? ಯಾವೂರು? ಮನೆ ಬಿಟ್ಟು ಯಾಕೆ ಬಂದೆ?’

ಅವನು ನನ್ನ ಪೆನ್ನನ್ನೇ ನೋಡುತ್ತಾ, ‘ಅಕ್ಕಾ, ಆಗ್ಲೇ ಎಲ್ರಿಗೂ ಹೇಳಿದ್ನಲ್ಲಾ. ಅವ್ರು ಬರ್ಕೊಂಡಿಲ್ವಾ?’ ಅಂದ.

ಲೆಕ್ಕ ಹಾಕಿದೆ. ರೈಲ್ವೆ ಪೊಲೀಸರು, 1098 ಸಹಾಯವಾಣಿಯವರು, ಮಕ್ಕಳ ಕಲ್ಯಾಣ ಸಮಿತಿ, ಸಂಸ್ಥೆಯ ಆಪ್ತಸಮಾಲೋಚಕಿ. ನಾನು ಐದನೆಯವಳು. ಎಲ್ಲರೂ ಬರೆದುಕೊಂಡಿದ್ದರು, ತಂತಮ್ಮ ಪುಸ್ತಕದಲ್ಲಿ.

ಹೀಗಾಗಬಾರದೆಂದೇ ದೇಶಕ್ಕೆಲ್ಲ ಒಂದು ಪೋರ್ಟಲ್ ಇದೆ. ಮೊದಲು ‘ಟ್ರ್ಯಾಕ್ ಚೈಲ್ಡ್’ ಇತ್ತು. 2015ರಲ್ಲಿ ಸಾರ್ವಜನಿಕರೂ ಮಾಹಿತಿ ಕೊಡಲೆಂದು ‘ಖೋಯಾ ಪಾಯಾ’ ಬಂತು. ಈಗ ಎರಡೂ ‘ಮಿಷನ್ ವಾತ್ಸಲ್ಯ’ ಪೋರ್ಟಲಿಗೆ ಸೇರಿವೆ. ಒಂದು ಜಿಲ್ಲೆಯಲ್ಲಿ ಕಾಣೆಯಾದ ಮಗು ಇನ್ನೊಂದು ಜಿಲ್ಲೆಯಲ್ಲಿ ಸಿಕ್ಕಿದ್ದು ಗೊತ್ತಾಗಬೇಕಾದರೆ ಎರಡೂ ಕಡೆಯವರು ಸರಿಯಾಗಿ ತುಂಬಬೇಕು, ಅಷ್ಟೆ. ನಮ್ಮ ಹುಡುಗ ಹೇಳಿದ್ದು ಮನೆಯಲ್ಲಿ ಕರೆಯುವ ಹೆಸರು. ಆ ಹೆಸರಿನಲ್ಲಿ ಹುಡುಕಿದರೆ ಏನೂ ಸಿಗಲಿಲ್ಲ.

ನನಗೋ ಅವಸರ. ಅವನ ಫೋಟೊ ತೆಗೆದು ‘ಈ ಹುಡುಗನ ಮನೆಯವರು ಗೊತ್ತಾ?’ ಎಂದು ಕ್ಲಾಸ್ ಗ್ರೂಪಿಗೆ ಹಾಕಿಬಿಟ್ಟೆ. ಹತ್ತೇ ನಿಮಿಷದಲ್ಲಿ ನನ್ನ ಮೇಲ್ವಿಚಾರಕಿ ಕರೆದರು.

‘ಅವನು ಯಾರಿಗೆ ಹೆದರಿ ಓಡಿ ಬಂದಿದಾನೆ ಗೊತ್ತಾ?’

‘ಇಲ್ಲ ಮೇಡಂ.’

‘ಆ ಫೋಟೊ ಯಾರ ಕೈ ಸೇರತ್ತೆ ಅನ್ನೋದಾದ್ರೂ ಗೊತ್ತಾ?’

ಅದೂ ಗೊತ್ತಿರಲಿಲ್ಲ. ಬಾಲನ್ಯಾಯ ಕಾಯ್ದೆ 2015ರ 74ನೇ ಸೆಕ್ಷನ್ ಪ್ರಕಾರ ಇಂಥ ಮಗುವಿನ ಗುರುತು ಬಹಿರಂಗಪಡಿಸಿದರೆ 6 ತಿಂಗಳವರೆಗೆ ಜೈಲು, 2 ಲಕ್ಷ ರೂಪಾಯಿವರೆಗೆ ದಂಡ, ಅಥವಾ ಎರಡೂ. ಮಗುವಿನ ಹಿತಕ್ಕೆ ಬೇಕೆನಿಸಿದರೆ ಅನುಮತಿ ಕೊಡಬೇಕಾದ್ದು ಸಮಿತಿ, ಕಾರಣ ಬರೆದಿಟ್ಟು. ಪರೀಕ್ಷೆಯಲ್ಲಿ ಈ ಸೆಕ್ಷನ್ ಬರೆದು ಅಂಕವನ್ನೂ ತೆಗೆದುಕೊಂಡವಳು ನಾನು! ಮೆಸೇಜ್ ಅಳಿಸುವಷ್ಟರಲ್ಲಿ ಹನ್ನೊಂದು ಜನ ನೋಡಿಯಾಗಿತ್ತು.

ಹಾಗಾದರೆ ಮಾಹಿತಿ ಹಂಚಿಕೊಳ್ಳುವುದೇ ತಪ್ಪಾ? ಈ ಪ್ರಶ್ನೆಗೆ ಇಂಗ್ಲೆಂಡ್ ದೊಡ್ಡ ಪಾಠ ಕಲಿತಿದೆ. 2000ದಲ್ಲಿ ವಿಕ್ಟೋರಿಯಾ ಕ್ಲಿಂಬಿ ಎಂಬ 8 ವರ್ಷದ ಹುಡುಗಿ ಮನೆಯವರ ಹಿಂಸೆಯಿಂದ ಸತ್ತಳು. ವೈದ್ಯರು, ಪೊಲೀಸರು, ಸಮಾಜ ಕಾರ್ಯಕರ್ತರು ಎಲ್ಲರೂ ಅವಳನ್ನು ನೋಡಿದ್ದರು. ಒಬ್ಬರಿಗೆ ಗೊತ್ತಿದ್ದದ್ದು ಇನ್ನೊಬ್ಬರಿಗೆ ಸರಿಯಾಗಿ ತಲುಪಿರಲಿಲ್ಲ. ಆಮೇಲೆ ಅಲ್ಲಿನ ಸರ್ಕಾರ ‘ಕಾಂಟ್ಯಾಕ್ಟ್‌ಪಾಯಿಂಟ್’ ಎಂಬ ಡೇಟಾಬೇಸ್ ಮಾಡಿ, ಸುಮಾರು 1.1 ಕೋಟಿ ಮಕ್ಕಳನ್ನು ಅದಕ್ಕೆ ಸೇರಿಸಿತು. ಅದರಲ್ಲಿ ಇದ್ದದ್ದು ಹೆಸರು, ವಿಳಾಸ, ಶಾಲೆ, ಮಗುವಿನ ಜೊತೆ ಕೆಲಸ ಮಾಡುತ್ತಿರುವವರ ಫೋನ್ ನಂಬರ್ ಇಂಥವು. ಮಗುವಿನ ಕಥೆ ಅದರಲ್ಲಿರಲಿಲ್ಲ. ಆದರೂ ಇಷ್ಟೊಂದು ಮಕ್ಕಳ ವಿವರ ಲಕ್ಷಾಂತರ ಜನರ ಕೈಗೆ ಸಿಗುವುದೇ ಅಪಾಯ ಎಂಬ ವಿರೋಧ ಬಂತು. ಹೊಸ ಸರ್ಕಾರ 2010ರ ಆಗಸ್ಟಿನಲ್ಲಿ ಅದನ್ನು ಮುಚ್ಚಿತು.

ನನಗೆ ಅರ್ಥವಾದದ್ದಿಷ್ಟು: ಮಗು ಯಾರು, ಈಗ ಎಲ್ಲಿದೆ, ಯಾರು ನೋಡಿಕೊಳ್ಳುತ್ತಿದ್ದಾರೆ ಎಂಬುದು ಆ ಕೆಲಸದಲ್ಲಿರುವ ಎಲ್ಲರಿಗೂ ತಿಳಿದಿರಬೇಕು. ಯಾಕೆ ಓಡಿ ಬಂತು ಎಂಬುದು, ಅದನ್ನು ತಿಳಿಯದೆ ಯಾರ ಕೆಲಸ ನಡೆಯುವುದಿಲ್ಲವೋ ಅವರಿಗೆ ಮಾತ್ರ. ಉಳಿದವರ ಕುತೂಹಲಕ್ಕೆ ಒಳ್ಳೆಯ ಉದ್ದೇಶವಿದ್ದರೂ ಅದು ಕುತೂಹಲವೇ.

ಕೊನೆಗೆ ಹುಡುಗ ಆಪ್ತಸಮಾಲೋಚಕಿಯ ಹತ್ತಿರ ತನ್ನ ಶಾಲೆಯ ಹೆಸರು ಹೇಳಿದ. ಮೇಡಂ ಹೆಡ್‌ಮಾಸ್ಟರಿಗೆ ಫೋನ್ ಮಾಡಿ, ಹಾಜರಿ ಪುಸ್ತಕದಲ್ಲಿದ್ದ ಹೆಸರು ತಿಳಿದುಕೊಂಡರು. ಆ ಹೆಸರು ಹಾಕಿದ ಕೂಡಲೇ, ಅವನ ಅಜ್ಜಿ ಕೊಟ್ಟಿದ್ದ ದೂರು ಪೋರ್ಟಲಿನಲ್ಲೇ ಸಿಕ್ಕಿತು. ಸಮಿತಿ ವಿಚಾರಿಸಿ ಅವನನ್ನು ಅಜ್ಜಿ ಮನೆಗೇ ಕಳಿಸಿತು.

ಆ ಹನ್ನೊಂದು ಜನರಲ್ಲಿ ಯಾರಾದರೂ ಫೋಟೊ ಉಳಿಸಿಕೊಂಡರೋ ಏನೋ, ನನಗೆ ಇವತ್ತಿಗೂ ಗೊತ್ತಿಲ್ಲ. ಈ ಕೆಲಸಕ್ಕೆ ಬರುವ ಗೆಳೆಯರೇ, ಆ ಭಯ ನಿಮಗೆ ಬೇಡ.

ಈಗ ಹೊಸ ಮಗು ಬಂದರೆ ನಾನು ಮೊದಲು ಫೈಲ್ ಓದುತ್ತೇನೆ. ಆಮೇಲೆ ಹತ್ತಿರ ಕೂತು, ‘ಊಟ ಆಯ್ತಾ?’ ಅಂತಷ್ಟೇ ಕೇಳುತ್ತೇನೆ.