ಬೋಲ್ಟಿನ ಬಿಗಿತಕ್ಕೂ ಒಂದು ಅಳತೆ

ನೆಲಮಂಗಲ ತಾಲ್ಲೂಕಿನ ಶಿವಗಂಗೆಯ ಬೆಟ್ಟವನ್ನು ಕೇಳರಿಯದ ಗೃಹಸ್ಥರು ನಮ್ಮ ಪ್ರಾಂತದಲ್ಲಿ ವಿರಳ. ಸಮುದ್ರಮಟ್ಟದಿಂದ ಸುಮಾರು 4,500 ಅಡಿ ಎತ್ತರವಿರುವ ಈ ಗಿರಿಯನ್ನು ದಕ್ಷಿಣಕಾಶಿಯೆಂದು ಭಕ್ತರು ಕರೆಯುವರು. ಹಿಂದೆ ಇಲ್ಲಿಗೆ ಯಾತ್ರಿಕರು ಕಾಲ್ನಡಿಗೆಯಿಂದಲೂ ಎತ್ತಿನ ಗಾಡಿಗಳಲ್ಲಿಯೂ ಬರುತ್ತಿದ್ದರು. ಈಗಲಾದರೋ ರಜಾದಿನಗಳ ಮುಂಜಾನೆ ಬೆಂಗಳೂರಿನ ತರುಣ ತರುಣಿಯರು ತುಮಕೂರು ರಸ್ತೆಯನ್ನು ಹಿಡಿದು, ದಾಬಸ್‌ಪೇಟೆಯಲ್ಲಿ ತಿರುಗಿ, ಐವತ್ತು ಕಿಲೋಮೀಟರಿಗೂ ಮಿಕ್ಕ ದಾರಿಯನ್ನು ಸೈಕಲ್ಲಿನಲ್ಲಿಯೇ ಕ್ರಮಿಸಿ ಬೆಟ್ಟದ ಬುಡವನ್ನು ಸೇರುತ್ತಾರೆ. ಅದು ಸಂತೋಷದ ಸಂಗತಿಯೇ ಸರಿ. ಆದರೆ ಹೊರಡುವ ಮುನ್ನ ಆ ಸೈಕಲ್ಲಿನ ಬೋಲ್ಟುಗಳನ್ನು ಬಿಗಿದವರು ಯಾರು, ಎಷ್ಟು ಬಿಗಿದರು, ಎಂಬುದನ್ನು ಮನೆಯ ಹಿರಿಯರು ವಿಚಾರಿಸುವುದು ಅಪರೂಪ.

ನಮ್ಮ ಸೋದರಳಿಯನು ಹೀಗೆಯೇ ಒಮ್ಮೆ ಶಿವಗಂಗೆಗೆ ಹೊರಟನು. ಹಿಂದಿನ ರಾತ್ರಿ ತನ್ನ ಹೊಸ ಸೈಕಲ್ಲಿನ ಬೋಲ್ಟುಗಳನ್ನೆಲ್ಲ ಹಲ್ಲು ಕಚ್ಚಿ ಬಿಗಿಯುತ್ತಿದ್ದುದನ್ನು ಕಂಡು ಇಷ್ಟು ಸಾಕಲ್ಲವೇ ಎಂದೆನು. "ಬಿಗಿಯಾದಷ್ಟೂ ಭದ್ರವಲ್ಲವೇ, ಮಾವ?" ಎಂದನು. ನನಗೂ ಅದೇ ಸರಿಯೆಂದು ತೋರಿತು. ಮರುದಿನ ಊರು ಇನ್ನು ಸಮೀಪಿಸಿತೆನ್ನುವಾಗ, ಹ್ಯಾಂಡಲನ್ನು ಹಿಡಿದಿದ್ದ ಎರಡು ಬೋಲ್ಟುಗಳಲ್ಲಿ ಒಂದು ತುಂಡಾಗಿ ಹ್ಯಾಂಡಲು ಕೆಳಕ್ಕೆ ಹೊರಳಿಬಿಟ್ಟಿತು. ಏರುದಾರಿಯಲ್ಲಿ ನಿಧಾನವಾಗಿ ತುಳಿಯುತ್ತಿದ್ದುದರಿಂದ ಮೊಳಕೈ ತರಚಿದ್ದಷ್ಟೇ ಆಯಿತು. ಅದೇ ಇಳಿಜಾರಿನಲ್ಲಿ ಅಥವಾ ಲಾರಿಗಳು ನುಗ್ಗುವ ಹೆದ್ದಾರಿಯಲ್ಲಿ ಆಗಿದ್ದರೆ ಎಂದು ನೆನೆದಾಗ ಈಗಲೂ ಎದೆ ಝಲ್ಲೆನ್ನುತ್ತದೆ.

ಬಿಗಿಯಾದಷ್ಟೂ ಭದ್ರವೆಂಬುದು ಏಕೆ ತಪ್ಪು? ಬೋಲ್ಟು ಒಂದು ಗಟ್ಟಿ ಸ್ಪ್ರಿಂಗಿನಂತೆ ಕೆಲಸಮಾಡತಕ್ಕ ವಸ್ತು. ಅದನ್ನು ತಿರುಗಿಸಿದಾಗ ಅದು ಕಣ್ಣಿಗೆ ಕಾಣದಷ್ಟು ಹಿಗ್ಗುತ್ತದೆ. ಮತ್ತೆ ಕುಗ್ಗಲು ಹವಣಿಸುವ ಆ ಸೆಳೆತವೇ ಎರಡು ಭಾಗಗಳನ್ನು ಒತ್ತಿ ಹಿಡಿಯುವುದು. ಸೆಳೆತ ಸಾಲದಿದ್ದರೆ ರಸ್ತೆಯ ಅದುರಿಗೆ ಬೋಲ್ಟು ಸಡಿಲವಾಗುವುದು. ಮಿತಿಮೀರಿದರೆ ಬೋಲ್ಟು ತನ್ನ ಸ್ಥಿತಿಸ್ಥಾಪಕತ್ವವನ್ನು ಕಳೆದುಕೊಂಡು ಕಡೆಗೆ ತುಂಡಾಗುವುದು, ಇಲ್ಲವೇ ಥ್ರೆಡ್ಡು ಕಿತ್ತುಹೋಗುವುದು. ಹಳೆಯ ಕಪ್ಪು ಸೈಕಲ್ಲುಗಳ ದಪ್ಪ ಉಕ್ಕು ನಮ್ಮ ಎಷ್ಟೋ ಒರಟುತನವನ್ನು ಸಹಿಸುತ್ತಿತ್ತು. ಅನುಭವಿಗಳಾದ ರಿಪೇರಿಯವರ ಕೈಯಳತೆಯೇ ಅದಕ್ಕೆ ಸಾಕಾಗುತ್ತಿತ್ತು. ಇಂದಿನ ಅಲ್ಯೂಮಿನಿಯಮ್ ಮತ್ತು ಕಾರ್ಬನ್ ನಾರಿನ ಭಾಗಗಳು ಹಗುರವಾದರೂ ಅಷ್ಟು ಕ್ಷಮಾಶೀಲವಲ್ಲ. ಕಾರ್ಬನ್ ನಾರಿನ ಕೊಳವೆಯಂತೂ ಹೊರಗೆ ಸುಳಿವು ಕೊಡದೆ ಒಳಗೇ ಬಿರಿಯಬಹುದು.

ಈ ಬಿಗಿತವನ್ನು ಅಳೆಯುವ ಸಾಧನವೇ ಟಾರ್ಕ್ ರೆಂಚ್, ಎಂದರೆ ಅಳತೆಯುಳ್ಳ ಪಾನಾ. ನ್ಯೂಯಾರ್ಕ್ ನಗರದ ನೀರು ಸರಬರಾಜು ಇಲಾಖೆಯಲ್ಲಿದ್ದ ಕಾನ್ರಾಡ್ ಬಾಹ್ರ್ ಎಂಬಾತನು ಕೊಳವೆಗಳ ಬೋಲ್ಟುಗಳು ಅತಿಯಾಗಿ ಬಿಗಿಯದಂತೆ 1918ರಲ್ಲಿ ಇಂಥದನ್ನು ಕಲ್ಪಿಸಿದನೆಂದು ಹೇಳುವರು. ತಿರುಗಿಸುವ ಬಲವನ್ನು ನ್ಯೂಟನ್ ಮೀಟರುಗಳಲ್ಲಿ ಎಣಿಸುವುದು ರೂಢಿ. ಬೋಲ್ಟಿನಿಂದ 25 ಸೆಂಟಿಮೀಟರ್ ದೂರದಲ್ಲಿ ಪಾನಾದ ಹಿಡಿಗೆ ಸುಮಾರು 2 ಕಿಲೋಗ್ರಾಂ ತೂಕದಷ್ಟು ಒತ್ತಡ ಕೊಟ್ಟರೆ 5 ನ್ಯೂಟನ್ ಮೀಟರ್ ಆಗುತ್ತದೆ. ಹ್ಯಾಂಡಲಿನ ಸಣ್ಣ ಬೋಲ್ಟುಗಳು ಸಾಮಾನ್ಯವಾಗಿ ಬೇಡುವುದು 5 ಅಥವಾ 6 ಮಾತ್ರ! ಪೆಡಲುಗಳಿಗಾದರೋ 35ರಿಂದ 40ರವರೆಗೆ ಬೇಕು. ಅಂದರೆ ಅದೇ ದೂರದಲ್ಲಿ 14ರಿಂದ 16 ಕಿಲೋಗ್ರಾಮಿನ ಒತ್ತಡ. ಒಂದೇ ಕೈ ಎರಡನ್ನೂ ಅಂದಾಜಿನಿಂದ ಸರಿಯಾಗಿ ಬಿಗಿಯುವುದು ಎಷ್ಟು ಕಷ್ಟವೆಂಬುದನ್ನು ವಾಚಕರೇ ಊಹಿಸಬಹುದು.

ಈ ಪಾನಾಗಳಲ್ಲಿ ಮುಖ್ಯವಾಗಿ ಎರಡು ಬಗೆ. ಒಂದರಲ್ಲಿ ಹಿಡಿಯು ಬಾಗಿದಂತೆ ಮುಳ್ಳು ಅಂಕಿಯನ್ನು ತೋರಿಸುತ್ತದೆ. ಇನ್ನೊಂದರಲ್ಲಿ ಬೇಕಾದ ಅಂಕಿಯನ್ನು ಮೊದಲೇ ಇಟ್ಟುಕೊಂಡರೆ, ಆ ಮಿತಿ ಮುಟ್ಟಿದೊಡನೆ ಟಕ್ಕೆಂಬ ಸದ್ದಾಗುತ್ತದೆ. ಬಳಸುವವರು ಕೆಲವು ನಿಯಮಗಳನ್ನು ಪಾಲಿಸತಕ್ಕದ್ದು. ಮೊದಲು ಸೈಕಲ್ಲಿನ ಭಾಗದ ಮೇಲೆ ಅಥವಾ ಅದರ ಕೈಪಿಡಿಯಲ್ಲಿ ಮುದ್ರಿತವಾದ ಅಂಕಿಯನ್ನು ನೋಡಿಕೊಳ್ಳಿರಿ. ಮೇಲೆ ಹೇಳಿದ ಅಂಕಿಗಳು ತಿಳಿವಳಿಕೆಗೆ ಮಾತ್ರ. ಹಿಡಿಯನ್ನು ಅದರ ಸ್ಥಾನದಲ್ಲಿಯೇ ಹಿಡಿದು, ಜರ್ಕು ಕೊಡದೆ, ಮೆಲ್ಲಗೆ ಎಳೆಯಿರಿ. ಸದ್ದಾದೊಡನೆ ನಿಲ್ಲಿಸಿರಿ, ಇರಲಿ ಎಂದು ಮತ್ತೊಮ್ಮೆ ಎಳೆದರೆ ಅಳತೆಯೇ ವ್ಯರ್ಥ. ನಾಲ್ಕು ಬೋಲ್ಟುಗಳಿರುವಲ್ಲಿ ಎದುರು ಬದುರಾಗಿ, ಸ್ವಲ್ಪ ಸ್ವಲ್ಪವಾಗಿ, ಎಲ್ಲ ಕಡೆಯೂ ಸಂದು ಸಮನಾಗಿರುವಂತೆ ಬಿಗಿಯಿರಿ. ಬೋಲ್ಟನ್ನು ಸಡಿಲಿಸಲು ಈ ಪಾನಾವನ್ನು ಉಪಯೋಗಿಸಬಾರದು. ಸದ್ದಿನ ಬಗೆಯದಾದರೆ ಕೆಲಸ ಮುಗಿದ ಬಳಿಕ ಅದನ್ನು ಕನಿಷ್ಠ ಅಂಕಿಗೆ ಇಳಿಸಿ ಇಡಬೇಕು.

ಇನ್ನೊಂದು ಸೂಕ್ಷ್ಮವುಂಟು. ನಾವು ಹಾಕುವ ಬಲದಲ್ಲಿ ಸುಮಾರು ಹತ್ತರಲ್ಲಿ ಒಂಬತ್ತು ಪಾಲು ಘರ್ಷಣೆಗೇ ವೆಚ್ಚವಾಗಿ, ಉಳಿದದ್ದು ಮಾತ್ರ ಬೋಲ್ಟನ್ನು ಸೆಳೆಯುತ್ತದೆ. ಆದುದರಿಂದ ತುಕ್ಕು ಹಿಡಿದ ಥ್ರೆಡ್ಡಿನಲ್ಲಿ ಪಾನಾ ಸದ್ದು ಮಾಡಿದರೂ ಬಿಗಿತ ಸಾಲದಿರಬಹುದು. ಗ್ರೀಸು ಬೇಡವೆಂದಿರುವಲ್ಲಿ ಅದನ್ನು ಹಚ್ಚಿದರೆ ಬಿಗಿತ ಅತಿಯಾಗಬಹುದು. ಥ್ರೆಡ್ಡನ್ನು ಶುಚಿಗೊಳಿಸಿ, ಕೈಪಿಡಿ ಹೇಳಿದಂತೆ ನಡೆಯುವುದೇ ಕ್ಷೇಮ. ಎಡಗಡೆಯ ಪೆಡಲಿನ ಥ್ರೆಡ್ಡು ವಿರುದ್ಧ ದಿಕ್ಕಿನದೆಂಬುದನ್ನೂ ಮರೆಯಬಾರದು.

ಮನೆಮನೆಯವರೂ ಈ ಸಾಧನವನ್ನು ಕೊಳ್ಳಲೇಬೇಕೆಂದು ನಾನು ಹೇಳುವುದಿಲ್ಲ. ನಾಲ್ಕಾರು ಸೈಕಲ್ಲುಗಳಿರುವ ನೆರೆಹೊರೆಗೆ ಒಂದಿದ್ದರೆ ಸಾಕು. ಅದೂ ಇಲ್ಲದಿದ್ದರೆ, ರಿಪೇರಿಗೆ ಕೊಡುವಾಗ "ಅಳತೆಯ ಪಾನಾ ಇದೆಯೇ?" ಎಂದು ಕೇಳುವುದರಲ್ಲಿ ಸಂಕೋಚವೇನು?

ಶಿವಗಂಗೆಯ ಬೆಟ್ಟದಲ್ಲಿ ಒಳಕಲ್ಲು ತೀರ್ಥವೆಂಬುದೊಂದಿದೆ. ಬಂಡೆಯ ಕುಳಿಯೊಳಗೆ ಕೈಯಿಟ್ಟಾಗ ಪುಣ್ಯವಂತರಿಗೆ ನೀರು ಸಿಕ್ಕುವುದೆಂದು ಜನರ ನಂಬಿಕೆ. ಆ ಕುಳಿಯಲ್ಲಿ ನಮ್ಮ ಪುಣ್ಯವನ್ನು ಪರೀಕ್ಷಿಸಿಕೊಳ್ಳೋಣ. ಮಕ್ಕಳು ಏರಿ ಹೋಗುವ ಸೈಕಲ್ಲಿನ ಬೋಲ್ಟುಗಳಲ್ಲಿ ಮಾತ್ರ ಬೇಡ. ಅಂದಿನಿಂದ ನಮ್ಮ ಅಳಿಯನು ಹೊರಡುವ ಹಿಂದಿನ ರಾತ್ರಿ ಜಗಲಿಯಲ್ಲಿ ಕುಳಿತು ಬೋಲ್ಟು ಬಿಗಿಯುತ್ತಾನೆ. ಒಂದೊಂದಕ್ಕೂ ಟಕ್ಕೆಂಬ ಸದ್ದು ಕೇಳಿದ ಮೇಲೆಯೇ ಒಳಗೆ ಅವನ ತಾಯಿಗೆ ನಿದ್ರೆ.