ಸೋತ ಪಂದ್ಯದ ರನ್ನೂ ವ್ಯರ್ಥವಲ್ಲ

ನಾನು ಆರ್‌ಸಿಬಿ ಅಭಿಮಾನಿ. 2024ರ ಐಪಿಎಲ್‌ನಲ್ಲಿ ನಮ್ಮ ತಂಡ ಮೊದಲ 8 ಪಂದ್ಯಗಳಲ್ಲಿ 7 ಸೋತಿತು. ಏಪ್ರಿಲ್ 15ರಂದು ಬೆಂಗಳೂರಿನಲ್ಲೇ ಹೈದರಾಬಾದ್ ತಂಡ 287 ರನ್ ಹೊಡೆಯಿತು. ನಮ್ಮವರು 262 ಹೊಡೆದೂ ಸೋತರು. ಹಳೇಬೀಡಿನ ಮಾವನ ಮನೆಯಲ್ಲಿ ಟಿವಿ ನೋಡ್ತಿದ್ದ ನಾನು ಅತ್ತುಬಿಟ್ಟೆ. "ಬಿಡೋ ಮಗಾ, ಈ ಸಲಾನೂ ಮುಗೀತು" ಅಂದ್ರು ಮಾವ.

ಆದರೆ ಮುಗಿದಿರಲಿಲ್ಲ. ಮೊದಲ ಹಂತದಲ್ಲಿ ಒಂದು ತಂಡಕ್ಕೆ 14 ಪಂದ್ಯ, ಗೆದ್ದರೆ 2 ಅಂಕ. ನಮ್ಮವರು ಉಳಿದ 6 ಪಂದ್ಯವನ್ನೂ ಗೆದ್ದು 14 ಅಂಕ ಮಾಡಿದರು. ಚೆನ್ನೈಗೂ 14 ಅಂಕ. ಅಂಕ ಸಮವಾದರೆ ನೆಟ್ ರನ್‌ರೇಟ್ ನೋಡ್ತಾರೆ. ಅಂದರೆ ಎಲ್ಲಾ ಪಂದ್ಯ ಸೇರಿಸಿ, ಒಂದು ಓವರಿಗೆ ನಾವು ಹೊಡೆದ ಸರಾಸರಿ ರನ್ನಿನಲ್ಲಿ ಎದುರಾಳಿಗಳ ಸರಾಸರಿ ಕಳೆಯಬೇಕು. ನಮ್ಮದು 0.459, ಚೆನ್ನೈದು 0.392. ನಾಲ್ಕನೇ ಸ್ಥಾನ ನಮಗೇ ಸಿಕ್ಕಿತು!

ನಾನು ಲೆಕ್ಕ ಮಾಡಿ ನೋಡಿದೆ. ಹೈದರಾಬಾದ್ ಎದುರು ನಮ್ಮವರು ಕೈಚೆಲ್ಲಿ 200ಕ್ಕೆ ನಿಂತಿದ್ದರೆ ಚೆನ್ನೈಯೇ ಮುಂದಕ್ಕೆ ಹೋಗ್ತಿತ್ತು.

ಆಮೇಲೆ ರಾಜಸ್ಥಾನದ ಎದುರು ಸೋತೆವು, ನಿಜ. ಕಪ್ ಬಂದದ್ದು 2025ರ ಜೂನ್ 3ರಂದು. ಆದರೂ ಸೋಲುವಾಗಲೂ ಬಿಡದೆ ಆಡಬೇಕು ಅಂತ ನನಗೆ ತಿಳಿದದ್ದು ಆ 262ರಿಂದ.