ತಾಸಿನ ಸೈಕಲ್‌ನಿಂದ ‘ಸವಾರಿ’ವರೆಗೆ

ಹುಬ್ಬಳ್ಳಿ–ಧಾರವಾಡದ ಓಣಿಗಳಲ್ಲಿ ಒಂದು ಕಾಲಕ್ಕೆ ತಾಸಿನ ಲೆಕ್ಕದಲ್ಲಿ ಸೈಕಲ್ ಬಾಡಿಗೆಗೆ ಸಿಗುತ್ತಿತ್ತು. ಪಂಕ್ಚರ್ ತಿದ್ದುವ ಅಂಗಡಿಯವರೇ ಬಾಡಿಗೆಗೂ ಕೊಡುತ್ತಿದ್ದರು. ಗುರುತಿನವರಾದರೆ ವಹಿಯಲ್ಲಿ ಹೆಸರು ಮತ್ತು ಹೊರಟ ಹೊತ್ತು ಬರೆದರೆ ಮುಗಿಯಿತು, ಠೇವಣಿಯ ಮಾತೇ ಇರಲಿಲ್ಲ. ನಗರಗಳು ಇಂದು ನಡೆಸುತ್ತಿರುವ ಸಾರ್ವಜನಿಕ ಸೈಕಲ್ ಯೋಜನೆಯನ್ನು ಹಲವರು ಆ ಅಂಗಡಿಯ ಹೊಸ ರೂಪ ಎಂದೇ ತಿಳಿಯುತ್ತಾರೆ. ಅದು ಅರ್ಧ ಮಾತ್ರ ನಿಜ. ಅಂಗಡಿಯಿಂದ ಒಯ್ದ ಸೈಕಲ್ಲನ್ನು ಅದೇ ಅಂಗಡಿಗೆ ತಂದೊಪ್ಪಿಸಬೇಕಿತ್ತು. ಸಂತೆಗೆ, ಆಸ್ಪತ್ರೆಗೆ, ಸಂಬಂಧಿಕರ ಮನೆಗೆ ಹೋಗಿಬರಲು ಅದು ಸಾಕು. ದಿನಗೂಲಿಗೆ ಹೋಗುವವರಿಗೆ ಮಾತ್ರ ಅದು ದಕ್ಕುತ್ತಿರಲಿಲ್ಲ. ಅವರು ಎಂಟು ತಾಸು ದುಡಿಯುವಾಗ ಸೈಕಲ್ ಗೋಡೆಗೆ ಒರಗಿ ನಿಂತಿರುತ್ತಿತ್ತು, ಬಾಡಿಗೆ ಮಾತ್ರ ಏರುತ್ತಲೇ ಇರುತ್ತಿತ್ತು. ಒಂದು ಕಡೆ ತೆಗೆದುಕೊಂಡು ಇನ್ನೊಂದು ಕಡೆ ಬಿಟ್ಟುಹೋಗುವ ಅನುಕೂಲವೇ ಈ ಯೋಜನೆಯ ನಿಜವಾದ ಹೊಸತನ. ಮೊಬೈಲ್, ಆ್ಯಪ್, ಜಿಪಿಎಸ್ ಎಲ್ಲ ಅದರ ಚಾಕರಿಗೆ ಬಂದವು. ಹೀಗಾಗಿ ಇಂಥ ಯೋಜನೆ ಗೆದ್ದಿತೋ ಸೋತಿತೋ ಎಂದು ಅಳೆಯುವಾಗ ಸೈಕಲ್ ಎಷ್ಟು ಚೆಂದ ಎಂಬುದನ್ನು ಬಿಟ್ಟು, ಅದನ್ನು ಬಿಡುವ ಜಾಗ ನಮ್ಮಿಂದ ಎಷ್ಟು ಹೆಜ್ಜೆ ದೂರ ಎಂಬುದನ್ನು ಕೇಳಬೇಕು.

ಈ ಅನುಕೂಲ ಹುಟ್ಟಿಬಂದ ದಾರಿ ಉದ್ದದ್ದು. 1965ರಲ್ಲಿ ಆಮ್‌ಸ್ಟರ್‌ಡ್ಯಾಮಿನ ‘ಪ್ರೋವೊ’ ಎಂಬ ಯುವಕರ ಗುಂಪು ಕೆಲವು ಸೈಕಲ್‌ಗಳಿಗೆ ಬಿಳಿ ಬಣ್ಣ ಬಳಿದು, ಬೀಗವಿಲ್ಲದೆ ಬೀದಿಯಲ್ಲಿ ನಿಲ್ಲಿಸಿತು. ಬೇಕಾದವರು ಹತ್ತಿ ಹೋಗಲಿ, ಮುಗಿದಲ್ಲಿ ಬಿಡಲಿ ಎಂಬುದು ಅವರ ಆಸೆ. ಬೀಗ ಹಾಕದೆ ಬಿಡುವುದು ಕಾನೂನಿಗೆ ವಿರುದ್ಧವೆಂದು ಪೊಲೀಸರು ಅವನ್ನು ಎತ್ತಿಕೊಂಡು ಹೋದರು. 1974ರಲ್ಲಿ ಫ್ರಾನ್ಸಿನ ಲಾ ರೊಶೆಲ್ ಪಟ್ಟಣ ಹಳದಿ ಸೈಕಲ್‌ಗಳನ್ನು ತಂದಿತು. 1995ರಲ್ಲಿ ಕೋಪನ್‌ಹೇಗನ್ ನಾಣ್ಯ ಹಾಕಿದರೆ ಬೀಗ ಬಿಡುವ ಏರ್ಪಾಡು ಮಾಡಿತು. ಆದರೆ ನಾಣ್ಯಕ್ಕೆ ಹೆಸರಿಲ್ಲ, ಒಯ್ದವರು ಯಾರೆಂದು ತಿಳಿಯುತ್ತಿರಲಿಲ್ಲ, ಕಳವು ನಿಲ್ಲಲಿಲ್ಲ. 1998ರಲ್ಲಿ ಫ್ರಾನ್ಸಿನದೇ ರೆನ್ ನಗರ ಕಾರ್ಡ್ ಬಳಸಿದ ಮೇಲೆ ಸೈಕಲ್ಲಿಗೊಬ್ಬ ಹೊಣೆಗಾರ ಸಿಕ್ಕ. ನಮ್ಮ ಅಂಗಡಿಯ ವಹಿ ಮಾಡುತ್ತಿದ್ದುದೂ ಅದೇ ಕೆಲಸ. ಅಲ್ಲಿಂದ 2005ರಲ್ಲಿ ಲಿಯಾನ್, 2007ರಲ್ಲಿ ಪ್ಯಾರಿಸ್, 2008ರಲ್ಲಿ ಚೀನಾದ ಹಾಂಗ್‌ಝೌ ಸಾವಿರಾರು ಸೈಕಲ್‌ಗಳನ್ನು ಬೀದಿಗಿಳಿಸಿದವು. ಹಾಂಗ್‌ಝೌನಲ್ಲಿ ಬಸ್ಸಿನ ಕಾರ್ಡೇ ಸೈಕಲ್ಲಿಗೂ ನಡೆಯಿತು, ಮೊದಲ ಒಂದು ತಾಸು ಉಚಿತ. ಬಸ್ ಇಳಿದವರು ಚೀಲದಿಂದ ಇನ್ನೊಂದು ಕಾರ್ಡ್ ಹುಡುಕಬೇಕಿರಲಿಲ್ಲ. ಸಣ್ಣ ಸಂಗತಿ ಎನಿಸಬಹುದು, ಆದರೆ ದಿನವೂ ಓಡಾಡುವವರು ಒಂದು ವಾಹನವನ್ನು ಒಪ್ಪುವುದೂ ಬಿಡುವುದೂ ಇಂಥ ಸಂಗತಿಗಳಿಂದಲೇ.

ಕರ್ನಾಟಕದಲ್ಲಿ ಮೊದಲ ದೊಡ್ಡ ಪ್ರಯತ್ನ ಮೈಸೂರಿನದು. 2017ರ ಜೂನ್‌ನಲ್ಲಿ ‘ಟ್ರಿಣ್ ಟ್ರಿಣ್’ 450 ಸೈಕಲ್‌ಗಳೊಂದಿಗೆ ಶುರುವಾಯಿತು. ವಿಶ್ವಬ್ಯಾಂಕ್ ಮೂಲಕ ಜಾಗತಿಕ ಪರಿಸರ ನಿಧಿಯ ನೆರವೂ ಬಂತು. ಅದೇ ಹೊತ್ತಿಗೆ ಬೆಂಗಳೂರಿನಲ್ಲಿ ಖಾಸಗಿ ಕಂಪನಿಗಳು ನಿಲ್ದಾಣವೇ ಬೇಡದ ಸೈಕಲ್‌ಗಳನ್ನು ತಂದು ಪಾದಚಾರಿ ಮಾರ್ಗದಲ್ಲಿ ನಿಲ್ಲಿಸಿದವು. ಹೆಚ್ಚಿನವು ಒಂದೆರಡು ವರ್ಷದಲ್ಲಿ ಮಾಯವಾದವು. ಉಳಿದುಕೊಂಡ ಯುಲು ಕಂಪನಿ ಬ್ಯಾಟರಿ ವಾಹನದತ್ತ ಹೊರಳಿತು, ಈಗ ಅದರ ಮೇಲೆ ಹೆಚ್ಚಾಗಿ ಕಾಣುವವರು ಊಟ ಮತ್ತು ದಿನಸಿ ತಲುಪಿಸುವ ಹುಡುಗರು. 2016ರಲ್ಲಿ ಸ್ಮಾರ್ಟ್ ಸಿಟಿ ಪಟ್ಟಿ ಸೇರಿದ ಹುಬ್ಬಳ್ಳಿ–ಧಾರವಾಡಕ್ಕೆ ‘ಸವಾರಿ’ ಎಂಬ ಸಾರ್ವಜನಿಕ ಸೈಕಲ್ ಯೋಜನೆ ಬಂದದ್ದು ಇಷ್ಟೆಲ್ಲ ಪಾಠಗಳು ಕಣ್ಣೆದುರು ಇದ್ದಾಗ. ಸುಮಾರು 340 ಸೈಕಲ್, 34 ನಿಲ್ದಾಣ.

ಆ ಅಂಕಿಗಳನ್ನು ಊರಿನ ಅಳತೆಯ ಪಕ್ಕದಲ್ಲಿಟ್ಟು ನೋಡಬೇಕು. ಅವಳಿ ನಗರದ ವಿಸ್ತೀರ್ಣ ಸುಮಾರು 200 ಚದರ ಕಿ.ಮೀ., 2011ರ ಜನಗಣತಿಯಲ್ಲಿ ಜನಸಂಖ್ಯೆ 9.43 ಲಕ್ಷ. ಸಾರಿಗೆ ನೀತಿಯ ಮೇಲೆ ಕೆಲಸ ಮಾಡುವ ಐಟಿಡಿಪಿ ಸಂಸ್ಥೆಯ ಕೈಪಿಡಿ, ಯೋಜನೆ ಹಬ್ಬಿರುವ ಪ್ರದೇಶದಲ್ಲಿ ಚದರ ಕಿ.ಮೀ.ಗೆ 10ರಿಂದ 16 ನಿಲ್ದಾಣ ಇರಬೇಕು, ಒಂದರಿಂದ ಇನ್ನೊಂದಕ್ಕೆ ಸುಮಾರು 300 ಮೀಟರ್ ಅಂತರವಿರಬೇಕು ಎನ್ನುತ್ತದೆ. ಆ ಲೆಕ್ಕಕ್ಕೆ 34 ನಿಲ್ದಾಣಗಳು ಸರಿಯಾಗಿ ಸಾಲುವುದು ಎರಡರಿಂದ ಮೂರೂವರೆ ಚದರ ಕಿ.ಮೀ.ಗೆ. ಅಷ್ಟೇ ನಿಲ್ದಾಣಗಳನ್ನು ದೊಡ್ಡ ಊರಿನ ಮೇಲೆ ಅಕ್ಷತೆಯಂತೆ ಚೆಲ್ಲಿದರೆ ಸೈಕಲ್ ತೆಗೆದುಕೊಂಡವರಿಗೆ ಬಿಡುವ ಜಾಗ ಹತ್ತಿರ ಸಿಗುವುದಿಲ್ಲ, ತಾಸಿನ ಅಂಗಡಿಯ ಹಳೆಯ ತೊಂದರೆಯೇ ಮರಳಿ ಬರುತ್ತದೆ. ಕೆರೆ ದಂಡೆಯಲ್ಲಿ ಸಂಜೆ ಒಂದು ಸುತ್ತು ಹೊಡೆಯುವವರಿಗೆ ಇದರಿಂದ ತೊಂದರೆಯಿಲ್ಲ. ಗಬ್ಬೂರಿನಂಥ ಅಂಚಿನಿಂದ ಬಂಕಾಪುರ ಚೌಕ ದಾಟಿ ಊರ ನಡುವಿಗೆ ದುಡಿಯಲು ಬರುವವರು ಮಾತ್ರ ಇದನ್ನು ನೆಚ್ಚಿಕೊಂಡು ಮನೆ ಬಿಡಲಾರರು.

ದುಡಿಯುವವರ ಬಳಿ ಸ್ವಂತ ಸೈಕಲ್ ಇಲ್ಲವೇ, ಸರ್ಕಾರದ ಬಾಡಿಗೆ ಸೈಕಲ್ ಯಾಕೆ ಎಂದು ಕೇಳುವವರ ಮಾತಿನಲ್ಲಿ ತೂಕವಿದೆ. 2011ರ ಗಣತಿಯ ಪ್ರಕಾರ ದೇಶದ ನೂರರಲ್ಲಿ 45ರಷ್ಟು ಮನೆಗಳಲ್ಲಿ ಸೈಕಲ್ ಇತ್ತು. 2006–07ರಿಂದ ಹಲವು ವರ್ಷ ನಮ್ಮ ರಾಜ್ಯ ಸರ್ಕಾರವೇ ಎಂಟನೇ ತರಗತಿಯ ಮಕ್ಕಳಿಗೆ ಸೈಕಲ್ ಹಂಚಿತು. ಆದರೆ ಸ್ವಂತ ಸೈಕಲ್ ಪ್ರಯಾಣದ ಒಂದು ತುದಿಗೆ ಮಾತ್ರ ಒದಗುತ್ತದೆ. ಹುಬ್ಬಳ್ಳಿಗಿಂತ ಧಾರವಾಡ ಸುಮಾರು ನೂರು ಮೀಟರ್ ಎತ್ತರದಲ್ಲಿದೆ, ನಡುವಿನ ದಾರಿ 20 ಕಿ.ಮೀ. ಮೇಲೆ. ಅಷ್ಟು ದೂರ ದಿನವೂ ತುಳಿಯಿರಿ ಎಂದು ಯಾರಿಗೂ ಹೇಳಲಾಗದು. ಅದಕ್ಕೆ 2018ರಿಂದ ‘ಚಿಗರಿ’ ಬಸ್ಸು ಇದೆ. ಚಿಗರಿಯಲ್ಲಿ ಸೈಕಲ್ ಹೇರಿಕೊಂಡು ಹೋಗಲಾಗದು. ಬಸ್ ಹತ್ತುವ ಮೊದಲಿನ ಒಂದೆರಡು ಕಿ.ಮೀ., ಇಳಿದ ಮೇಲಿನ ಒಂದೆರಡು ಕಿ.ಮೀ., ಇವೇ ಆಟೋ ಖರ್ಚಿನ ಜಾಗಗಳು, ಕೊನೆಗೆ ಸಾಲ ಮಾಡಿ ಬೈಕ್ ಕೊಳ್ಳುವಂತೆ ಮಾಡುವ ಜಾಗಗಳು. ಹಂಚಿಕೆಯ ಸೈಕಲ್ ಇರಬೇಕಾದದ್ದು ಅಲ್ಲಿ.

ಇಲ್ಲಿನ ಬಿಸಿಲಿನಲ್ಲಿ ಸೈಕಲ್ ತುಳಿಯುವವರು ಯಾರು ಎನ್ನುವವರು ಸ್ಪೇನಿನ ಸೆವಿಲ್ ನಗರವನ್ನು ನೋಡಬೇಕು. ಬೇಸಿಗೆಯಲ್ಲಿ 40 ಡಿಗ್ರಿ ದಾಟುವ ಊರು ಅದು. 2006ರಿಂದ ಕೆಲವೇ ವರ್ಷಗಳಲ್ಲಿ ವಾಹನಗಳಿಂದ ಬೇರ್ಪಟ್ಟ, ಒಂದಕ್ಕೊಂದು ಕೂಡಿದ ನೂರು ಕಿ.ಮೀ.ಗೂ ಹೆಚ್ಚಿನ ಸೈಕಲ್ ದಾರಿ ಕಟ್ಟಿತು, 2007ರಲ್ಲಿ ಹಂಚಿಕೆಯ ಸೈಕಲ್ ತಂದಿತು, ಸೈಕಲ್ ಓಡಾಟ ಹಲವು ಪಟ್ಟು ಬೆಳೆಯಿತು. ಕಳವು, ಮುರಿತದ ಭಯವೂ ಸುಳ್ಳಲ್ಲ. ಪ್ಯಾರಿಸ್ ಮೊದಲ ವರ್ಷಗಳಲ್ಲಿ ಸಾವಿರಾರು ಸೈಕಲ್ ಕಳೆದುಕೊಂಡಿತು, ಆದರೂ ಯೋಜನೆ ಕೈಬಿಡಲಿಲ್ಲ. ಆದಾಯ ಖರ್ಚಿಗೆ ಸಾಲದು ಎಂಬುದೂ ನಿಜವೇ. ಮೇಲ್ಸೇತುವೆಯಿಂದ ಆದಾಯ ಕೇಳದವರು ಸೈಕಲ್ಲಿನಿಂದ ಮಾತ್ರ ಯಾಕೆ ಕೇಳಬೇಕು? ಕೇಳಬೇಕಾದ ಲೆಕ್ಕ ಬೇರೆ ಇದೆ. ಒಂದು ಸೈಕಲ್ ದಿನಕ್ಕೆ ಕನಿಷ್ಠ ನಾಲ್ಕು ಸಲ ಬಳಕೆಯಾಗಬೇಕು ಎನ್ನುತ್ತದೆ ಐಟಿಡಿಪಿಯ ಅದೇ ಕೈಪಿಡಿ. 340 ಸೈಕಲ್ಲಿಗೆ ದಿನಕ್ಕೆ 1,360 ಸಲ. ಈ ಒಂದು ಅಂಕಿಯನ್ನು ಪಾಲಿಕೆ ತಿಂಗಳಿಗೊಮ್ಮೆ ಜನರ ಮುಂದಿಟ್ಟರೆ ಅರ್ಧ ವಾದ ತಾನೇ ಬಗೆಹರಿಯುತ್ತದೆ.

ನನಗೆ ಉತ್ತರಿಸಲು ಕಷ್ಟವಾಗುವ ಆಕ್ಷೇಪ ಒಂದೇ, ರಸ್ತೆಯದು. ಗಬ್ಬೂರಿನಿಂದ ನರೇಂದ್ರದವರೆಗಿನ ಸುಮಾರು 30 ಕಿ.ಮೀ. ಬೈಪಾಸ್ ಅಪಘಾತಗಳಿಗೆ ಹೆಸರಾದದ್ದು. ಅದರ ವಿಸ್ತರಣೆಗೆ 2022ರ ಫೆಬ್ರುವರಿಯಲ್ಲಿ ಅಡಿಗಲ್ಲು ಬಿತ್ತು. ಲಾರಿಗಳ ಪಕ್ಕ, ಬೇಸಿಗೆಯ ಧೂಳಿನಲ್ಲಿ, ಮಳೆಗಾಲದ ಎರೆಮಣ್ಣಿನ ರಾಡಿಯಲ್ಲಿ ಸೈಕಲ್ ತುಳಿಯಿರಿ ಎಂದು ಹೇಳುವ ಹಕ್ಕು ಯಾವ ಯೋಜನೆಗೂ ಇಲ್ಲ. ಬೇರೆ ದಾರಿ ಕೊಡದೆ ಸೈಕಲ್ ಮಾತ್ರ ಕೊಡುವುದು ತಪ್ಪು. ಉಣಕಲ್ ನಾಲೆಯ ಬದಿಗೆ ಹಸಿರು ಸಂಚಾರ ಪಥದಲ್ಲಿ ಸೈಕಲ್ ದಾರಿ ಕಟ್ಟಲು ಹೊರಟವರಿಗೆ ಇದು ಗೊತ್ತಿಲ್ಲದ ಮಾತೂ ಅಲ್ಲ.

ಆದ್ದರಿಂದ ಪಾಲಿಕೆಯಲ್ಲಿ ಕೇಳಿಕೊಳ್ಳುವುದಿಷ್ಟು: ನಕ್ಷೆಯ ಮೇಲೆ ಇನ್ನಷ್ಟು ಚುಕ್ಕೆ ಇಡುವ ಮೊದಲು ಒಂದೇ ಒಂದು ಗೆರೆ ಪೂರ್ತಿ ಮಾಡಿ. ಗಬ್ಬೂರಿನಿಂದ ಬಂಕಾಪುರ ಚೌಕದ ಮೂಲಕ ಚಿಗರಿ ನಿಲ್ದಾಣದವರೆಗೆ ದಂಡೆ ಕಟ್ಟಿ ಬೇರ್ಪಡಿಸಿದ ಸೈಕಲ್ ದಾರಿ ಇರಲಿ, ಚಿಗರಿಯ ಕಾರ್ಡೇ ಸೈಕಲ್ಲಿಗೂ ನಡೆಯಲಿ. ದೂರ 5 ಕಿ.ಮೀ. ಆಸುಪಾಸು. 300 ಮೀಟರಿಗೊಂದರಂತೆ ಅದಕ್ಕೆ ಬೇಕಾಗುವುದು 17 ನಿಲ್ದಾಣ, ‘ಸವಾರಿ’ಗೆ ಕಟ್ಟಿದ್ದರಲ್ಲಿ ಅರ್ಧ.